ಶಿಳ್ಳೆ ಹೊಡೆದವರು, ಎದ್ದು ಹೋದವರು

ಮದ್ದೂರಿನಿಂದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಉದ್ದದ ಪತ್ರ ಬರೆದಿದ್ದಾರೆ, ಅದರ ಕೆಲವು ಸಾಲು ಇಲ್ಲಿವೆ: "ಮಗ, ಸೊಸೆ ಜೊತೆ ಮಂಡ್ಯಕ್ಕೆ ಹೋಗಿ ಆ ಹೊಸ ಕ್ರೈಂ ಥ್ರಿಲ್ಲರ್ ನೋಡಿದೆ. ಮೂರು ಸಲ ಕಣ್ಣು ಮುಚ್ಚಿಕೊಂಡೆ. ಮಗ ಸೂಪರ್ ಅಂದ. ಸೊಸೆ ಇಂಟರ್ವಲ್ ಆದ ಮೇಲೆ ಒಳಗೇ ಬರಲಿಲ್ಲ. ನಮ್ಮ ಮುಂದಿನ ಸಾಲಿನಲ್ಲಿ ಏಳೆಂಟು ವರ್ಷದ ಹುಡುಗ ಕೂತಿದ್ದ, ಗೇಟಿನಲ್ಲಿ ಯಾರೂ ಏನೂ ಕೇಳಿರಲಿಲ್ಲ. ನಿಮ್ಮ ಪತ್ರಿಕೆ ಮಾತ್ರ ತಪ್ಪದೆ ನೋಡಿ ಅಂತ ಬರೆದಿತ್ತು. ನಮ್ಮ ಕಾಲದಲ್ಲಿ ಇಷ್ಟು ರಕ್ತ ಇರಲಿಲ್ಲ. ಯಾರದು ಸರಿ, ನೀವೇ ಹೇಳಿ."

ಮೇಷ್ಟ್ರೆ,

ನಿಮ್ಮ ಪತ್ರವನ್ನು ಆಫೀಸಿನಲ್ಲಿ ಒಮ್ಮೆ ಓದಿ, ಮನೆಗೆ ತಗೊಂಡು ಹೋಗಿ ಮತ್ತೆ ಓದಿದೆ. ಈ ಸಿನಿಮಾ ಬಗ್ಗೆ ನಮಗೆ ಬೈಗುಳದ ಪತ್ರಗಳೂ ಬಂದಿವೆ, ಹೊಗಳಿಕೆಯವೂ ಬಂದಿವೆ. ಆದರೆ ಒಂದೇ ಮನೆಯ ಮೂರು ಜನ ಒಂದೇ ಸಾಲಿನಲ್ಲಿ ಕೂತು ಮೂರು ಥರ ನೋಡಿದ್ದನ್ನು ಬರೆದವರು ನೀವೊಬ್ಬರೇ. ಅದಕ್ಕೇ ಎರಡು ಸಾಲಿನಲ್ಲಿ ಉತ್ತರ ಮುಗಿಸಲು ಮನಸ್ಸು ಬರಲಿಲ್ಲ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ನಮ್ಮ ವಿಮರ್ಶೆಯಲ್ಲಿ ಕ್ಯಾಮೆರಾ ಕೆಲಸ ಇತ್ತು, ಎಡಿಟಿಂಗ್ ಇತ್ತು, ನಾಯಕನ ಅಭಿನಯ ಇತ್ತು. ಅದು 'ಎ' ಸರ್ಟಿಫಿಕೇಟ್ ಸಿನಿಮಾ ಅನ್ನುವ ಮಾತು ಎಲ್ಲೂ ಇರಲಿಲ್ಲ. ಕತ್ತು ಕೊಯ್ಯುವುದನ್ನು ಹತ್ತಿರದಿಂದ ತೋರಿಸುತ್ತಾರೆ ಅನ್ನುವುದೂ ಇರಲಿಲ್ಲ. ಬರೆದವರು ಬಿಟ್ಟಿರಬಹುದು, ಅಚ್ಚಿಗೆ ಕಳಿಸುವ ಮೊದಲು ನಾನು ಕೇಳಬೇಕಿತ್ತು, ಕೇಳಲಿಲ್ಲ. ನಿಮ್ಮ ಸಂಜೆ ಹಾಳಾಗಿದ್ದರಲ್ಲಿ ನನ್ನ ಪಾಲೂ ಇದೆ, ಕ್ಷಮಿಸಿ.

ನಿಮ್ಮ ಪತ್ರ ಬಂದ ಮೇಲೆ ನಾನೂ ಹೋಗಿ ನೋಡಿದೆ. ಎರಡು ಸಲ ನೋಡಿದೆ. ಮೊದಲನೆಯದು ಶನಿವಾರ ಸಂಜೆ, ಮೈಸೂರಿನ ಒಂದು ಹಳೇ ಸಿಂಗಲ್ ಸ್ಕ್ರೀನ್‌ನಲ್ಲಿ. ಬಾಲ್ಕನಿ ಫುಲ್. ನಿಮಗೆ ಗೊತ್ತಲ್ಲ, ತಮ್ಮನನ್ನು ಕೊಂದವರನ್ನು ಅಣ್ಣ ಒಬ್ಬೊಬ್ಬರಾಗಿ ಹುಡುಕಿ ಮುಗಿಸುವ ಕಥೆ. ಗೋಡೌನಿನ ದೃಶ್ಯದಲ್ಲಿ ಅವನು ಮಚ್ಚು ಎತ್ತುತ್ತಿದ್ದ ಹಾಗೆ ಕೆಳಗಿನಿಂದ ಶಿಳ್ಳೆ ಶುರುವಾಯಿತು. ಏಟಿಗೊಂದು ಶಿಳ್ಳೆ. ಪರದೆ ಮೇಲಿನ ರಕ್ತಕ್ಕಿಂತ ಆ ಶಿಳ್ಳೆಗೇ ನನಗೆ ಮೈ ಜುಮ್ಮೆಂದಿತು. ಎರಡನೆಯ ಸಲ ಹೋಗಿದ್ದು ಮಂಗಳವಾರ ಬೆಳಗಿನ ಆಟಕ್ಕೆ. ಇಪ್ಪತ್ತು ಜನ ಇದ್ದರೆ ಜಾಸ್ತಿ. ಅದೇ ಗೋಡೌನು, ಅದೇ ಮಚ್ಚು, ಯಾರೂ ಉಸಿರೆತ್ತಲಿಲ್ಲ. ಆ ಮೌನದಲ್ಲಿ ನನಗೊಂದು ಹೊಸ ವಿಷಯ ಕೇಳಿಸಿತು. ಸಾಯುವ ಆ ಮನುಷ್ಯ ಕೊನೆಗೆ ತನ್ನ ಮಗಳ ಹೆಸರು ಕೂಗುತ್ತಾನೆ. ಶನಿವಾರ ಶಿಳ್ಳೆಯಲ್ಲಿ ಆ ಕೂಗು ಮುಚ್ಚಿಹೋಗಿತ್ತು, ಅದು ಸಿನಿಮಾದಲ್ಲಿ ಇದೆ ಅಂತಲೇ ನನಗೆ ಗೊತ್ತಾಗಿರಲಿಲ್ಲ.

ನಮ್ಮ ವಿಮರ್ಶಕರು ನೋಡಿದ್ದು ಪತ್ರಕರ್ತರಿಗೆ ಅಂತ ಇಟ್ಟಿದ್ದ ಆಟದಲ್ಲಿ. ಅಲ್ಲಿ ಯಾರೂ ಶಿಳ್ಳೆ ಹೊಡೆಯುವುದಿಲ್ಲ. ಅವರಿಗೆ ಆ ಹೆಸರು ಕೇಳಿಸಿದೆ, "ಕೊಲೆಗಾರನಷ್ಟೇ ಸತ್ತವನ ನೋವೂ ಇದೆ" ಅಂತ ಬರೆದಿದ್ದಾರೆ. ನೀವು ಅಭಿಮಾನಿಗಳ ನಡುವೆ ಕೂತು ನೋಡಿದ್ದೀರಿ, ನಿಮಗೆ ಕೇಳಿಸಿಲ್ಲ. ಹಾಗಂತ ಅವರದೂ ಸರಿ, ನಿಮ್ಮದೂ ಸರಿ ಅಂತ ಹೇಳಿ ನಾನು ಜಾರಿಕೊಳ್ಳುವುದಿಲ್ಲ. ಆ ಕೂಗು ಮುಗಿಯುವ ಮೊದಲೇ ನಿರ್ದೇಶಕರು ತಮಟೆ ಬಾರಿಸಿದ್ದಾರೆ, ನಾಯಕನನ್ನು ಸ್ಲೋ ಮೋಷನ್‌ನಲ್ಲಿ ನಡೆಸಿದ್ದಾರೆ. ಶಿಳ್ಳೆಗೆ ಅಂತಲೇ ಜಾಗ ಬಿಟ್ಟ ಹಾಗಿದೆ. ಅದಕ್ಕೇ ನನ್ನ ತೂಕ ಬೀಳುವುದು ನಿಮ್ಮ ಕಡೆಗೆ.

ಆದರೆ "ನಮ್ಮ ಕಾಲದಲ್ಲಿ ಇರಲಿಲ್ಲ" ಅನ್ನುವುದನ್ನು ನಾನು ಒಪ್ಪುವುದಿಲ್ಲ. 1995ರಲ್ಲಿ 'ಓಂ' ಬಂದಾಗ ನಾವೆಲ್ಲ ನೋಡಲಿಲ್ವಾ? ನಿರ್ದೇಶಕ ಉಪೇಂದ್ರ ಅದರಲ್ಲಿ ನಿಜವಾದ ರೌಡಿಗಳನ್ನೇ ಕರೆದುಕೊಂಡು ಬಂದು ಪಾತ್ರ ಮಾಡಿಸಿದ್ದರು. ಲಾಂಗು-ಮಚ್ಚಿನ ಸಿನಿಮಾ ಜಾಸ್ತಿಯಾಯ್ತು ಅಂತ ಜನ ಗೊಣಗುವುದು ಆಗಿನಿಂದಲೂ ಇದೆ. ಅದನ್ನೂ ಬಿಡಿ. ನಿಮ್ಮ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಬೇಸಿಗೆ ಬಂದರೆ ಕುರುಕ್ಷೇತ್ರ ನಾಟಕ ಆಡುತ್ತಾರಲ್ಲ, ಅದರಲ್ಲಿ ರಕ್ತ ಕಡಿಮೆಯಾ? ನಮ್ಮ ಅಜ್ಜಿಯ ಊರು ಪಾಂಡವಪುರದ ಹತ್ತಿರ. ಚಿಕ್ಕಂದಿನಲ್ಲಿ ಅಲ್ಲಿ ನೋಡಿದ ನಾಟಕ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ರಾತ್ರಿ ಎರಡೋ ಮೂರೋ ಗಂಟೆ ಆಗಿರಬೇಕು. ಭೀಮ ದುಶ್ಯಾಸನನ ಎದೆ ಮೇಲೆ ಕೂತು, ಮೊದಲೇ ಸಿಕ್ಕಿಸಿದ್ದ ಕೆಂಪು ಬಟ್ಟೆಯನ್ನು ಮೊಳ ಮೊಳ ಎಳೆದ. ನಾನು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿದೆ. ಜನ ಚಪ್ಪಾಳೆ ಹೊಡೆದರು, ನಿಜ. ಆಮೇಲೆ ಹಾರ್ಮೋನಿಯಂ ಮೆಲ್ಲಗೆ ಎದ್ದಿತು. ದುರ್ಯೋಧನ ಬಂದು ತಮ್ಮನ ಹೆಣದ ಮುಂದೆ ಕೂತ, ಹಾಡಿದ. ಚಪ್ಪಾಳೆ ಹೊಡೆದವರೇ ಟವೆಲ್‌ನಲ್ಲಿ ಕಣ್ಣು ಒರೆಸಿಕೊಂಡರು. ಅಜ್ಜಿಯೂ ಅತ್ತಳು, ಕೌರವನಿಗೋಸ್ಕರ.

ಇದನ್ನು ನಿಮಗೆ ನಾನು ಹೇಳಬೇಕಾ, ನೀವು ಕನ್ನಡ ಮೇಷ್ಟ್ರು. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಭೀಷ್ಮರನ್ನು ಕಾಣಲು ರಣರಂಗದಲ್ಲಿ ಹೆಣಗಳನ್ನು ದಾಟಿಕೊಂಡು ನಡೆಯುತ್ತಾನೆ. ದ್ರೋಣ, ದುಶ್ಯಾಸನ, ಕರ್ಣ, ಮಗ ಲಕ್ಷಣಕುಮಾರ, ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾನೆ, ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಕೈ ಮುಗಿಯುತ್ತಾನೆ. ಸಾವಿರ ವರ್ಷದ ಹಿಂದೆಯೇ ಕನ್ನಡ ಕಾವ್ಯ ರಕ್ತಕ್ಕೆ ಹೆದರಿರಲಿಲ್ಲ. ಕೊಂದ ಮೇಲೆ ಅಳಲು ಹೊತ್ತು ಕೊಡುತ್ತಿತ್ತು. ಈ ಸಿನಿಮಾದಲ್ಲಿ ನನಗೆ ನೋವಾಗಿದ್ದು ಇಲ್ಲೇ. ಎರಡೂವರೆ ಗಂಟೆಯಲ್ಲಿ ಅಷ್ಟು ಜನ ಸಾಯುತ್ತಾರೆ, ಅವರಲ್ಲಿ ಒಬ್ಬನ ಹೆಂಡತಿ ಮಾತ್ರ ಆಸ್ಪತ್ರೆ ಬಾಗಿಲಲ್ಲಿ ಅರ್ಧ ನಿಮಿಷ ನಿಲ್ಲುತ್ತಾಳೆ. ಅವಳಿಗೆ ಒಂದು ಮಾತೂ ಇಲ್ಲ.

ನಿಮ್ಮ ಮಗನ ಮೇಲೆ ಕೋಪ ಮಾಡಿಕೊಳ್ಳಬೇಡಿ. "ಎಲ್ಲ ಬಣ್ಣ, ಎಲ್ಲ ಗ್ರಾಫಿಕ್ಸು ಅಪ್ಪ" ಅಂದನಂತೆ. ಅವನ ವಯಸ್ಸಿನವರು ಅದು ಹೇಗೆ ಮಾಡಿದ್ದು ಅಂತ ನೋಡುತ್ತಾರೆ, ಅವನ ಮನಸ್ಸು ಕಲ್ಲು ಅಂತ ಅಲ್ಲ. ಆದರೂ ಅವನಿಗೆ ಒಂದು ಮಾತು ಹೇಳಿ. ಕಣ್ಣು ಮುಚ್ಚಿಕೊಂಡರೂ ಬಸ್ಸಿನಲ್ಲಿ ಆ ಶಬ್ದ ನಿಮ್ಮ ಜೊತೆಗೇ ಬಂತು ಅಂತ ಬರೆದಿದ್ದೀರಲ್ಲ, ಅದರಲ್ಲಿ ಸತ್ಯ ಇದೆ. 1960ರ 'ಸೈಕೋ' ಚಿತ್ರದ ಸ್ನಾನದ ಮನೆಯ ಕೊಲೆಯಲ್ಲಿ ರಕ್ತ ಅಂತ ಕಾಣುವುದು ಚಾಕೊಲೇಟ್ ಪಾಕ, ಸಿನಿಮಾನೂ ಕಪ್ಪು-ಬಿಳುಪು. ಚುಚ್ಚುವ ಸದ್ದು ಮಾತ್ರ ಒಂದು ಬಗೆಯ ಕರ್ಬೂಜದ ಹಣ್ಣಿಗೆ ಚಾಕು ಹಾಕಿ ಹಿಡಿದದ್ದು. ಹಣ್ಣಿನ ಸದ್ದು ಅಂತ ಗೊತ್ತಿದ್ದೂ ನೋಡುವವರು ಬೆಚ್ಚುತ್ತಾರೆ. ಸುಳ್ಳು ಅಂತ ಗೊತ್ತಿದ್ದ ಮಾತ್ರಕ್ಕೆ ಕಿವಿ ಸುಮ್ನೆ ಇರುವುದಿಲ್ಲ.

ಇನ್ನು ಆ ಹುಡುಗ. ಇದಕ್ಕೆ ಎರಡು ಅಭಿಪ್ರಾಯವೇ ಇಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ 'ಎ' ಅಂದರೆ 18 ತುಂಬಿದವರಿಗೆ ಮಾತ್ರ. ಅಪ್ಪ-ಅಮ್ಮ ಜೊತೆಗಿದ್ದರೆ ಪರವಾಗಿಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಅದು ತಪ್ಪು. ಜೊತೆಗೆ ಯಾರಿದ್ದರೂ ಮಗುವನ್ನು ಒಳಗೆ ಬಿಡುವ ಹಾಗಿಲ್ಲ. ಹೆತ್ತವರು ಯೋಚಿಸಿ ಕರೆದುಕೊಂಡು ಹೋಗಬೇಕಾದದ್ದು 'ಯುಎ' ಸಿನಿಮಾಗಳಿಗೆ. 2023ರಲ್ಲಿ ಕಾಯ್ದೆ ತಿದ್ದಿದ ಮೇಲೆ ಅದನ್ನೂ 7+, 13+, 16+ ಅಂತ ಮೂರು ಭಾಗ ಮಾಡಿದ್ದಾರೆ. ಗೇಟಿನಲ್ಲಿ ನಿಂತವರು ಕೇಳಬೇಕು. ಅವರು ಕೇಳದಿದ್ದರೆ ಪಕ್ಕದಲ್ಲಿ ಕೂತ ನಾವು ಕೇಳಬೇಕು. ನೀವು ಕೇಳಲಿಲ್ಲ ಅಂತ ಪತ್ರದಲ್ಲಿ ನೊಂದುಕೊಂಡಿದ್ದೀರಿ. ಶನಿವಾರ ನನ್ನ ಹಿಂದಿನ ಸಾಲಿನಲ್ಲೂ ಒಂದು ಮಗು ಇತ್ತು ಮೇಷ್ಟ್ರೆ, ನಾನೂ ಕೇಳಲಿಲ್ಲ.

ಮುಂದಿನ ಸಂಚಿಕೆಯಿಂದ ಪ್ರತಿ ವಿಮರ್ಶೆಯ ತಲೆಯ ಮೇಲೆ ಸರ್ಟಿಫಿಕೇಟ್ ಯಾವುದು ಅಂತ ಹಾಕುತ್ತೇವೆ. ಹಿಂಸೆ ಇದ್ದರೆ ಎಂಥದ್ದು, ಎಷ್ಟು ಅಂತ ಒಂದು ಸಾಲು ಇರುತ್ತದೆ. ಕಥೆ ಬಿಟ್ಟುಕೊಡದೆ ಅಷ್ಟು ಬರೆಯಬಹುದು.

ಕೊನೆಗೆ ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಮಾತು ಪತ್ರದಲ್ಲಿ ಎರಡು ಪುಟ ಇದೆ, ಮಗನ ಮಾತು ನಾಲ್ಕು ಸಾಲಿದೆ. ಸೊಸೆ ಎದ್ದು ಹೋದರು ಅಂತ ಮಾತ್ರ ಇದೆ, ಯಾಕೆ ಅಂತ ಇಲ್ಲ. ಹೊರಗೆ ಬೆಂಚಿನ ಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಒಬ್ಬರೇ ಕೂತಿದ್ದರಲ್ಲ, ಏನು ಯೋಚಿಸುತ್ತಿದ್ದರೋ. ಅವರಿಗೆ ಬರೆಯಲು ಹೇಳಿ. ಮುಂದಿನ ತಿಂಗಳು ಅವರಿಗೆ ಅಂತ ಒಂದು ಪುಟ ಇಟ್ಟಿರುತ್ತೇನೆ.

ಸಂಪಾದಕ