ಪಾಡ್‌ಕಾಸ್ಟ್‌ಗೆ ಯುಎಸ್‌ಬಿ ಮೈಕ್ ಸಾಕೇ, ಆಡಿಯೊ ಇಂಟರ್‌ಫೇಸ್ ಬೇಕೇ?

ರಾಯಚೂರಿನ ಮನೆಯ ಕೋಣೆಯಲ್ಲೇ ಪಾಡ್‌ಕಾಸ್ಟ್ ಆರಂಭಿಸುತ್ತಿದ್ದೀರಿ ಎಂದಿದ್ದೀರಿ. ಮಾತನಾಡುವವರು ಎಷ್ಟು ಜನ ಎಂಬುದನ್ನು ಮೊದಲು ನಿರ್ಧರಿಸಿ.

ಒಬ್ಬರೇ ಆದರೆ ಯುಎಸ್‌ಬಿ ಮೈಕ್ ಧಾರಾಳವಾಗಿ ಸಾಕು. ಧ್ವನಿಯನ್ನು ಡಿಜಿಟಲ್ ಆಗಿಸುವ ಭಾಗ ಅದರೊಳಗೇ ಇರುತ್ತದೆ. ಎದುರಿಗೆ ಅತಿಥಿಯನ್ನೂ ಕೂರಿಸಿಕೊಳ್ಳುವುದಾದರೆ ಎರಡು ಮೈಕ್ ಜೋಡಿಸಬಹುದಾದ ಇಂಟರ್‌ಫೇಸೇ (ಮೈಕ್‌ಗಳ ಧ್ವನಿಯನ್ನು ಡಿಜಿಟಲ್ ಆಗಿಸಿ ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ) ಸರಿ. ಎರಡು ಯುಎಸ್‌ಬಿ ಮೈಕ್‌ಗಳೊಳಗೆ ರೆಕಾರ್ಡಿಂಗ್ ವೇಗ ನಿರ್ಧರಿಸುವ ಎರಡು ಬೇರೆ ಗಡಿಯಾರಗಳಿರುತ್ತವೆ. ರೆಕಾರ್ಡಿಂಗ್ ಉದ್ದವಾದಂತೆ ಎರಡು ಧ್ವನಿಗಳ ತಾಳ ತಪ್ಪಬಹುದು.

ನನ್ನ ಮಟ್ಟಿಗೆ ನಮ್ಮ ಕಡೆ ಇದಕ್ಕಿಂತ ದೊಡ್ಡ ಪ್ರಶ್ನೆ ಫ್ಯಾನಿನದು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮೇಲೆ ಅದನ್ನು ನಿಲ್ಲಿಸಿ ಯಾರು ಕೂರುತ್ತಾರೆ? ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಫ್ಯಾನಿನ ಗರಗರ ಸದ್ದನ್ನೂ ಬೀದಿಯ ಆಟೋ ಹಾರ್ನನ್ನೂ ಚೆನ್ನಾಗಿಯೇ ಹಿಡಿಯುತ್ತದೆ. ಅಷ್ಟು ಸೂಕ್ಷ್ಮವಲ್ಲದ ಡೈನಾಮಿಕ್ ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರದಲ್ಲಿ, ತುಸು ಓರೆಯಾಗಿಟ್ಟು, ಗೇನ್ (ಮೈಕ್ ಧ್ವನಿಯನ್ನು ಹಿಗ್ಗಿಸುವ ಮಟ್ಟ) ಇಳಿಸಿ ಮಾತನಾಡಿ. ಫ್ಯಾನಿನ ಸದ್ದು ಹಿಂದೆ ಸರಿಯುತ್ತದೆ.

ಸ್ಯಾಮ್ಸನ್ ಕ್ಯೂ2ಯು ಮಾದರಿಯ ಡೈನಾಮಿಕ್ ಮೈಕ್‌ನಲ್ಲಿ ಯುಎಸ್‌ಬಿ, ಎಕ್ಸ್‌ಎಲ್‌ಆರ್ (ಇಂಟರ್‌ಫೇಸಿಗೆ ಜೋಡಿಸುವ ಕನೆಕ್ಟರ್) ಎರಡೂ ಇವೆ. ಈಗ ನೇರವಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ. ಅತಿಥಿಗಳು ಬರತೊಡಗಿದಾಗ ಇಂಟರ್‌ಫೇಸ್ ಕೊಂಡು ಇದೇ ಮೈಕನ್ನು ಅದಕ್ಕೆ ಜೋಡಿಸಿಕೊಳ್ಳಿ.