ಪ್ರಗ್ಯಾನ್ ಥರದ ರೋವರ್ ಮಾಡೋಕೆ ಎಲ್ಲಿಂದ ಶುರು ಮಾಡ್ಬೇಕು?

ನೀವು ಕೇಳಿರೋದು, ಇಂಜಿನಿಯರಿಂಗ್ ಎರಡನೇ ವರ್ಷ, ನಾಲ್ಕು ಜನ ಸೇರಿ ಚಂದ್ರಯಾನ-3ರ ಪ್ರಗ್ಯಾನ್ ಮಾದರಿಯಲ್ಲಿ ರೋವರ್ ಮಾಡ್ತಿದೀವಿ, ಅದನ್ನ ನಡೆಸೋಕೆ ಯಾವ ಎಲೆಕ್ಟ್ರಾನಿಕ್ ಬೋರ್ಡು, ಯಾವ ಕ್ಯಾಮೆರಾ ತಗೋಬೇಕು ಅಂತ. ಸದ್ಯಕ್ಕೆ ಎರಡೂ ತಗೋಬೇಡಿ. ಮೊದ್ಲು ಮೋಟರೇ ಇಲ್ದೆ, ಕೈಯಲ್ಲಿ ತಳ್ಳಿದ್ರೆ ಆರೂ ಚಕ್ರ ನೆಲ ಬಿಡದೆ ಕಲ್ಲು ಹತ್ತಿ ಇಳಿಯೋ ಅಂಥ ಚಾಸಿ, ಅಂದ್ರೆ ಗಾಡಿಯ ಅಡಿಚೌಕಟ್ಟು, ಮಾಡ್ಕೊಳ್ಳಿ. ನಾವು ಕಾಲೇಜಲ್ಲಿದ್ದಾಗ ಇದನ್ನ ಉಲ್ಟಾ ಮಾಡಿದ್ವಿ, ಇದ್ದ ದುಡ್ಡಲ್ಲಿ ಅರ್ಧ ಕ್ಯಾಮೆರಾಗೆ ಹಾಕಿ ಎರಡು ತಿಂಗಳು ಕಳ್ಕೊಂಡ್ವಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ.

ಪ್ರಗ್ಯಾನಲ್ಲಿ ಚಕ್ರಗಳನ್ನ ಹಿಡಿದಿರೋ ಜೋಡಣೆಗೆ ರಾಕರ್-ಬೋಗಿ ಅಂತಾರೆ. ಒಂದೊಂದು ಪಕ್ಕಕ್ಕೂ ಒಂದು ದೊಡ್ಡ ತೋಳು (ರಾಕರ್), ಅದರ ಒಂದು ತುದಿಗೆ ಎರಡು ಚಕ್ರದ ಒಂದು ಚಿಕ್ಕ ತೋಳು (ಬೋಗಿ), ಇನ್ನೊಂದು ತುದಿಗೆ ಒಂದೇ ಚಕ್ರ. ಸ್ಪ್ರಿಂಗ್ ಇಲ್ಲ. ಎಡ ಬಲದ ದೊಡ್ಡ ತೋಳುಗಳನ್ನ ಡಿಫರೆನ್ಷಿಯಲ್ ಅನ್ನೋ ಜೋಡಣೆ ಸೇರ್ಸುತ್ತೆ, ಒಂದು ತೋಳು ಮೇಲೆ ಹೋದ್ರೆ ಇನ್ನೊಂದನ್ನ ಕೆಳಗೆ ಒತ್ತುತ್ತೆ, ಹಂಗಾಗಿ ಒಂದು ಪಕ್ಕ ಎಷ್ಟು ಎದ್ರೂ ಮೇಲಿನ ಪೆಟ್ಟಿಗೆ ಅದರಲ್ಲಿ ಅರ್ಧ ಮಾತ್ರ ವಾಲುತ್ತೆ. ನಾವು ಅದಕ್ಕೆ ಗೇರ್ ಹಾಕೋಕೆ ಹೋಗದೆ ಅಲ್ಯೂಮಿನಿಯಂ ಪಟ್ಟಿಯೊಂದನ್ನ ಅಡ್ಡ ಇಟ್ಟು, ನಡುವೆ ಒಂದು ಬೋಲ್ಟು, ಎರಡು ತುದಿಗೂ ರಾಡ್ ಎಂಡ್ (ಎಲ್ಲ ಕಡೆಗೂ ವಾಲೋ ಗುಂಡು ಕೀಲು) ಹಾಕಿದ್ವಿ, ಚೆನ್ನಾಗೇ ಕೆಲ್ಸ ಮಾಡ್ತು. ಚೆಕ್ ಮಾಡೋದು ಹೆಂಗೆ ಅಂದ್ರೆ, ಒಂದು ಚಕ್ರದ ಕೆಳಗೆ ಕಲ್ಲಿಟ್ಟು ಉಳಿದ ಐದರ ಕೆಳಗೂ ಒಂದೊಂದು ಪೇಪರ್ ಚೂರು ಇಟ್ಟು ಎಳೀರಿ, ಸಲೀಸಾಗಿ ಬಂತು ಅಂದ್ರೆ ಆ ಚಕ್ರದ ಮೇಲೆ ಭಾರ ಬಿದ್ದಿಲ್ಲ. ನಮ್ದ್ರಲ್ಲಿ ನಡುವಿನ ಚಕ್ರದ ಪೇಪರ್ ಪ್ರತಿ ಸಲ ಬರ್ತಿತ್ತು, ಬೋಗಿಯನ್ನ ದೊಡ್ಡ ತೋಳಿಗೆ ಸೇರ್ಸೋ ತೂತನ್ನ ಬೇರೆ ಕಡೆ ಕೊರೆದ ಮೇಲೇ ಸರಿ ಹೋಯ್ತು.

ಇನ್ನು ವೇಗ. ಪ್ರಗ್ಯಾನ್ 26 ಕೆಜಿ ಇದೆ, ಸೋಲಾರ್ ಪ್ಯಾನಲ್ ಕೊಡ್ತಿದ್ದಿದ್ದು 50 ವ್ಯಾಟ್ ಅಷ್ಟೇ, ಅದ್ರಲ್ಲೇ ಆರು ಮೋಟರ್, ಕ್ಯಾಮೆರಾ, ಮಣ್ಣು ಕಲ್ಲಲ್ಲಿ ಏನಿದೆ ಅಂತ ನೋಡೋ ಎರಡು ಉಪಕರಣ, ಲ್ಯಾಂಡರ್ ಜೊತೆ ಮಾತಾಡೋ ರೇಡಿಯೋ ಎಲ್ಲ ನಡೀಬೇಕಿತ್ತು. ಅದಕ್ಕೇ ಸೆಕೆಂಡಿಗೆ 1 ಸೆಂ.ಮೀ. ವೇಗ. 10 ಸೆಂ.ಮೀ. ವ್ಯಾಸದ ಚಕ್ರ ಹಾಕಿದ್ರೆ ನಿಮಿಷಕ್ಕೆ ಬರೀ 2 ಸುತ್ತು! ಅಂಗಡಿಯಲ್ಲಿ 150 ಆರ್‌ಪಿಎಂ (ನಿಮಿಷಕ್ಕೆ 150 ಸುತ್ತು) ಮೋಟರ್ ಕೊಡ್ತಾರೆ, ಬೇಡ, ಸಿಗೋದ್ರಲ್ಲಿ ಅತಿ ನಿಧಾನದ್ದು, ಜಾಸ್ತಿ ಟಾರ್ಕ್ (ತಿರುಗಿಸೋ ಬಲ) ಇರೋದು ಕೇಳಿ. ತಿರುಗಿಸೋಕೆ ಬೇರೆ ಮೋಟರ್ ಬೇಕಿಲ್ಲ, ಎಡ ಬಲ ಬೇರೆ ಬೇರೆ ವೇಗ ಕೊಟ್ರೆ ತಿರುಗುತ್ತೆ, ಪ್ರಗ್ಯಾನೂ ಹಂಗೇ ತಿರುಗಿದ್ದು.

ನಿಧಾನ ಅನ್ನೋದನ್ನ ಕೊರತೆ ಅಂದ್ಕೋಬೇಡಿ. 2023ರ ಆಗಸ್ಟ್ 27ಕ್ಕೆ ಪ್ರಗ್ಯಾನ್ ಮುಂದೆ 4 ಮೀಟರ್ ಅಗಲದ ಕುಳಿ ಎದುರಾಯ್ತು, ಇನ್ನೂ 3 ಮೀಟರ್ ದೂರ ಇರೋವಾಗ್ಲೇ ಗೊತ್ತಾಗಿ, ಇಸ್ರೋದವರು ಬಂದ ದಾರಿಗೇ ವಾಪಸ್ ಕಳಿಸಿದ್ರು. ನಂಗೆ ಆ ಮಿಷನ್ನಲ್ಲಿ ಲ್ಯಾಂಡಿಂಗ್ ಬಿಟ್ರೆ ಅತಿ ಇಷ್ಟ ಆದ ಗಳಿಗೆ ಅದು. ಅವಸರದ ಗಾಡಿ ಆಗಿದ್ರೆ ಪ್ರಗ್ಯಾನ್ ಥರ 100 ಮೀಟರ್ ದಾಟ್ತಾ ಇರ್ಲಿಲ್ಲ.

ಆಮೇಲೆ ಮಣ್ಣು. ಕಾಲೇಜ್ ಕಾರಿಡಾರಲ್ಲಿ ಓಡ್ಸಿ ವಿಡಿಯೋ ತೆಗೆದ್ರೆ ಏನೂ ಗೊತ್ತಾಗಲ್ಲ. ಚಂದ್ರನಲ್ಲಿ ಗಾಳಿ ನೀರು ಇಲ್ಲ, ಧೂಳಿನ ಕಣ ಸವೆಯೋದೇ ಇಲ್ಲ, ಚೂಪಾಗೇ ಇರುತ್ತೆ. ಇಸ್ರೋ ಟೆಸ್ಟಿಗೆ ಅಂತ ತಮಿಳುನಾಡಿನ ಸಿತ್ತಂಪೂಂಡಿ ಕಡೆಯ, ಚಂದ್ರನ ನೆಲದ ಕಲ್ಲನ್ನ ಹೋಲೋ ಅನಾರ್ಥೊಸೈಟ್ ಕಲ್ಲನ್ನ ಪುಡಿ ಮಾಡಿಸ್ತು. ನಿಮಗೆ ಜಲ್ಲಿ ಕ್ರಷರ್ ಹತ್ರ ಸಿಗೋ ಡಸ್ಟ್ ಸಾಕು, ನದಿ ಮರಳಿಗಿಂತ ಎಷ್ಟೋ ವಾಸಿ, ಮಾಸ್ಕ್ ಹಾಕ್ಕೊಂಡೇ ಜರಡಿ ಹಿಡೀರಿ. ರಬ್ಬರ್ ಟಯರ್ ಬೇಡ, ಚಂದ್ರನ ಚಳಿಗೆ ರಬ್ಬರ್ ಗಡುಸಾಗಿ ಒಡೆದು ಹೋಗುತ್ತೆ, ಲೋಹದ ಚಕ್ರಕ್ಕೆ ಅಡ್ಡ ಪಟ್ಟಿ ಹಾಕಿ. ಅಲ್ಲಿ ಗುರುತ್ವ ಆರನೇ ಒಂದು ಭಾಗ, ಅಂದ್ರೆ ಚಕ್ರ ನೆಲ ಒತ್ತೋದೂ ಅಷ್ಟೇ, ಹಿಡಿತ ಕಮ್ಮಿ. ನಿಮ್ಮ ರೋವರ್ 6 ಕೆಜಿ ಇದ್ರೆ ಮೇಲೆ ರಾಟೆ ಕಟ್ಟಿ ಹಗ್ಗದ ಇನ್ನೊಂದು ತುದಿಗೆ 5 ಕೆಜಿ ತೂಗುಹಾಕಿ, ಆಗ ನಿಜವಾದ ಪರೀಕ್ಷೆ.

ಈ ಡಸ್ಟಲ್ಲಿ ಚಕ್ರ ಪೂರ್ತಿ 10 ಸುತ್ತು ತಿರುಗ್ಸಿ ಟೇಪ್ ಹಿಡೀರಿ. ಜಾರದೇ ಇದ್ರೆ 10 ಸೆಂ.ಮೀ. ಚಕ್ರಕ್ಕೆ 314 ಸೆಂ.ಮೀ. ಬರ್ಬೇಕು, ಕಮ್ಮಿ ಬಂದಷ್ಟೂ ಚಕ್ರ ಜಾರಿದೆ ಅಂತ. ನಮ್ದು ಮೊದಲ ದಿನ 190 ಬಂತು, ಅಡ್ಡ ಪಟ್ಟಿ ಎತ್ತರ ಮಾಡಿದ ಮೇಲೆ 260. ನಿಮ್ದು ಎಷ್ಟು ಬಂತು ಅಂತ ಇಲ್ಲೇ ಹಾಕಿ, ಬೋರ್ಡು ಕ್ಯಾಮೆರಾ ವಿಷಯ ಆಮೇಲೆ ಹೇಳ್ತೀನಿ.