ಮಳೆಗಾಲದಲ್ಲಿ ಗುಲಾಬಿ ಎಲೆ ಉದುರುತ್ತಿದೆ, ತೋಟದ ಬೋರ್ಡೋ ಹೊಡೆಯಬಹುದೇ?

ಮಡಿಕೇರಿಯ ಅಂಗಳ, ಜೂನ್ ಕೊನೆಯಿಂದ ಗುಲಾಬಿ ಎಲೆಯಲ್ಲಿ ಕಪ್ಪು ಚುಕ್ಕೆ, ಕಾಫಿಗೆ ಕಲಸಿ ಉಳಿದ ಬೋರ್ಡೋ ದ್ರಾವಣವನ್ನು (ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್ ಮತ್ತು ಸುಣ್ಣ ಕಲಸಿದ ಶಿಲೀಂಧ್ರನಾಶಕ) ಎರಡು ಸಲ ಹೊಡೆದ ಮೇಲೆ ಚುಕ್ಕೆ ಇನ್ನೂ ಹೆಚ್ಚು. ಇದಕ್ಕಿಂತ ಗಟ್ಟಿ ಔಷಧಿ ಯಾವುದು, ಪಕ್ಕದ ದಾಸವಾಳಕ್ಕೂ ಕಿತ್ತಳೆ ಗಿಡಕ್ಕೂ ಅದನ್ನೇ ಹೊಡೆಯಬಹುದೇ ಎಂದು ಕೇಳಿದ್ದೀರಿ. ನಮ್ಮ ಅಂಗಳದಲ್ಲೂ ಹೀಗೇ ಆಗಿತ್ತು. ಅದಕ್ಕೇ ನೇರವಾಗಿ ಹೇಳುತ್ತೇನೆ: ಗಟ್ಟಿ ಔಷಧಿ ಹುಡುಕುವುದನ್ನು ಬಿಡಿ. ಮೊದಲು ಬಂದ ಚುಕ್ಕೆ ರೋಗದ್ದಿರಬಹುದು, ಆಮೇಲೆ ಬಂದದ್ದು ಬಹುಮಟ್ಟಿಗೆ ತಾಮ್ರದ್ದು.

ಎರಡನ್ನೂ ಬೇರೆ ಮಾಡಿ ನೋಡುವುದು ಕಷ್ಟವಲ್ಲ. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ಕಪ್ಪು ಚುಕ್ಕೆ ರೋಗವಾದರೆ ಮಚ್ಚೆ ದುಂಡಗಿದ್ದು ಅಂಚು ನುಣುಪಾಗಿರುವುದಿಲ್ಲ, ಶಾಯಿ ಒದ್ದೆ ಕಾಗದದ ಮೇಲೆ ಹರಡಿದಂತೆ ಎಳೆ ಎಳೆಯಾಗಿರುತ್ತದೆ. ಸುತ್ತಲೂ ಹಳದಿ ಕಟ್ಟುತ್ತದೆ. ಬುಡದ ಹಳೆ ಎಲೆಯಿಂದ ಶುರುವಾಗಿ ಮೇಲಕ್ಕೆ ಏರುತ್ತದೆ. ತಾಮ್ರದ ಸುಡುವಿಕೆಯಾದರೆ ಚುಕ್ಕೆಗಳು ಸಣ್ಣವು, ಕೆಂಪು ಮಿಶ್ರಿತ ನೇರಳೆ ಬಣ್ಣ. ನೀರಿನ ಹನಿ ನಿಂತ ಜಾಗದಲ್ಲೇ, ಅಂದರೆ ಎಲೆಯ ತುದಿ ಮತ್ತು ಅಂಚಿನಲ್ಲಿ ಹೆಚ್ಚು. ಮೇಲಿನ ಎಲೆ, ಕೆಳಗಿನ ಎಲೆ ಎಂಬ ಭೇದವಿಲ್ಲದೆ ದ್ರಾವಣ ಬಿದ್ದ ಕಡೆಯೆಲ್ಲ ಒಟ್ಟಿಗೆ ಕಾಣಿಸುತ್ತದೆ, ಎಳೆ ಚಿಗುರಿನಲ್ಲಿ ಜೋರಾಗಿ. ಮಚ್ಚೆಯ ನಡುವೆ ಬೂದಿ ಬಣ್ಣವಿದ್ದು ಸುತ್ತ ನೇರಳೆ ಉಂಗುರವಿದ್ದರೆ ಅದು ಮೂರನೆಯದು, ಸರ್ಕೋಸ್ಪೋರ ಎಂಬ ಬೇರೆ ಶಿಲೀಂಧ್ರ. ಅದಕ್ಕೂ ಆರೈಕೆ ಕಪ್ಪು ಚುಕ್ಕೆಯದ್ದೇ.

ಕಾಫಿಗೆ ಒಗ್ಗುವ ಬೋರ್ಡೋ ಗುಲಾಬಿಗೆ ಯಾಕೆ ಒಗ್ಗುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಗಿಡ ಕೈಬಿಟ್ಟು ಹೋಗುವುದು ಇಲ್ಲೇ. ಬೋರ್ಡೋದಲ್ಲಿ ಸುಣ್ಣದ ಕೆಲಸ ಮೈಲುತುತ್ತದ ಹುಳಿಯನ್ನು ಕಟ್ಟಿಹಾಕಿ, ತಾಮ್ರ ನೀರಿನಲ್ಲಿ ಸುಲಭವಾಗಿ ಕರಗದಂತೆ ಮಾಡುವುದು. ಎಲೆಯ ಮೇಲೆ ಒಣಗಿ ಅಂಟಿಕೊಂಡ ಆ ಪದರದಿಂದ ತಾಮ್ರ ಚೂರುಚೂರೇ ಬಿಟ್ಟು, ಶಿಲೀಂಧ್ರದ ಬೀಜಾಣು ಮೊಳೆಯದಂತೆ ತಡೆಯುತ್ತದೆ. ಈ ಲೆಕ್ಕ ಎಲೆ ಒಣಗಿದರೆ ಮಾತ್ರ ಸರಿ. ಆರಿದ್ರಾ ಮಳೆ ಹಿಡಿದ ಮೇಲೆ ಮಡಿಕೇರಿಯಲ್ಲಿ ಮಂಜು ಇಳಿದು ಎಲೆ ದಿನವಿಡೀ ಒದ್ದೆಯೇ ಇರುತ್ತದೆ. ಒದ್ದೆ ಎಲೆಯ ಮೇಲೆ ತಾಮ್ರ ಬೇಕಾದದ್ದಕ್ಕಿಂತ ಹೆಚ್ಚು ಕರಗಿ ಎಲೆಯೊಳಗೇ ಇಳಿಯುತ್ತದೆ. ಗುಲಾಬಿಯಂಥ ಸೂಕ್ಷ್ಮ ಎಲೆ ಅದನ್ನು ತಾಳುವುದಿಲ್ಲ. ಚುಕ್ಕೆ ಬೀಳುತ್ತದೆ, ರೋಗ ಹೆಚ್ಚಾಯಿತೆಂದು ಇನ್ನೊಮ್ಮೆ ಹೊಡೆಯುತ್ತಾರೆ, ಮತ್ತೆ ಚುಕ್ಕೆ. ಕೊನೆಗೆ ರೋಗದ ಎಲೆ ಎಂದುಕೊಂಡು ಇನ್ನೂ ಹಸಿರಿದ್ದ ಎಲೆಯನ್ನೆಲ್ಲ ಕಿತ್ತು ಬಿಸಾಡುತ್ತಾರೆ. ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮಬ್ಬಿನಲ್ಲಿ ಗಿಡಕ್ಕೆ ಮೊದಲೇ ಬಿಸಿಲಿಲ್ಲ. ಇದ್ದ ಎಲೆಯೂ ಹೋದರೆ ಟೊಂಗೆಯಲ್ಲಿ ಕೂಡಿಟ್ಟ ಬಲವನ್ನೆಲ್ಲ ಹೊಸ ಚಿಗುರಿಗೆ ಸುರಿದು ಅದು ಬರಿದಾಗುತ್ತದೆ. ಹಾಗಾಗಿ ತಾಮ್ರದಿಂದ ಸುಟ್ಟರೂ ಹಸಿರಾಗಿಯೇ ಇರುವ ಎಲೆಯನ್ನು ದಯವಿಟ್ಟು ಕೀಳಬೇಡಿ. ಅಂಚು ಎಳೆ ಎಳೆಯಾಗಿ ಹಳದಿ ಕಟ್ಟಿದ್ದನ್ನು ಮಾತ್ರ ಕೀಳಿ.

ಉಳಿದ ದ್ರಾವಣ ಅನ್ನುವುದೂ ಒಂದು ತೊಂದರೆ. ಬೋರ್ಡೋವನ್ನು ಕಲಸಿದ ದಿನವೇ ಮುಗಿಸಬೇಕು, ಇಟ್ಟರೆ ಕಣ ದಪ್ಪವಾಗಿ ಎಲೆಗೆ ಅಂಟುವುದಿಲ್ಲ. ಸುಣ್ಣ ಹಳೆಯದಾದರೆ ಇನ್ನೂ ಕೆಟ್ಟದ್ದು. ಗಾಳಿಗೆ ತೆರೆದಿಟ್ಟ ಸುಣ್ಣ ಸೀಮೆಸುಣ್ಣದಂತೆ ಸತ್ತಿರುತ್ತದೆ. ತೂಕಕ್ಕೆ ಸರಿಯಾಗಿ ಹಾಕಿದರೂ ಹುಳಿ ಮುರಿಯುವುದಿಲ್ಲ. ಗುಲಾಬಿಗೆ ಬೋರ್ಡೋ ಹೊಡೆಯಲೇಬೇಕೆಂದರೆ ಮೇ ತಿಂಗಳಲ್ಲಿ, ಬಿಸಿಲಿರುವ ಬೆಳಿಗ್ಗೆ, ಅರ್ಧ ಪ್ರಮಾಣದ್ದು ಹೊಡೆಯಿರಿ. ಮೈಲುತುತ್ತ 5 ಗ್ರಾಂ ಅರ್ಧ ಲೀಟರ್ ನೀರಿನಲ್ಲಿ, ಹೊಸ ಸುಣ್ಣ 5 ಗ್ರಾಂ ಇನ್ನೊಂದು ಅರ್ಧ ಲೀಟರಿನಲ್ಲಿ, ಎರಡೂ ಪ್ಲಾಸ್ಟಿಕ್ ಪಾತ್ರೆಯಲ್ಲೇ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕದಡಿ, ಸುಣ್ಣವನ್ನು ತುತ್ತಕ್ಕೆ ಸುರಿಯಬೇಡಿ. ಆಮೇಲೆ ಉಜ್ಜಿ ಹೊಳಪಾಗಿಸಿದ ಕಬ್ಬಿಣದ ಚಾಕುವನ್ನು ಅದರಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಚಾಕುವಿನ ಮೇಲೆ ಕೆಂಪು ತಾಮ್ರ ಕೂತಿದ್ದರೆ ಹುಳಿ ಇನ್ನೂ ಇದೆ. ಕೆಂಪು ಕೂರದಷ್ಟಾಗುವವರೆಗೆ ಸುಣ್ಣದ ನೀರು ಸೇರಿಸುತ್ತಾ ಹೋಗಿ.

ಈಗ, ಮಳೆಯ ನಡುವೆ, ಬೋರ್ಡೋ ಬೇಡವೇ ಬೇಡ. ಈ ರೋಗದ ಬೀಜಾಣು ಎಲೆಯೊಳಗೆ ಹೊಗಬೇಕಾದರೆ ಎಲೆ ಸುಮಾರು 7 ಗಂಟೆ ಎಡೆಬಿಡದೆ ಒದ್ದೆಯಾಗಿರಬೇಕು. ನೀವು ಮುರಿಯಬೇಕಾದದ್ದು ಈ ಒದ್ದೆಯನ್ನು. ಕುಂಡದಲ್ಲಿದ್ದರೆ ಸೂರಿನ ಒಳಬದಿಗೆ, ಗಾಳಿ ಆಡುವ ಕಡೆ ಸರಿಸಿ, ಎರಡು ಇಟ್ಟಿಗೆಯ ಮೇಲೆ ಏರಿಸಿ, ಅಡಿಯ ತಟ್ಟೆ ತೆಗೆಯಿರಿ. ನೆಲದಲ್ಲಿದ್ದರೆ ಗಿಡದ ನಡುವಿನ ಒತ್ತು ಟೊಂಗೆಗಳನ್ನು ಕತ್ತರಿಸಿ ಒಳಗೆ ಗಾಳಿಗೆ ದಾರಿ ಮಾಡಿ, ನೆಲದಿಂದ ಒಂದಡಿಯವರೆಗೆ ಎಲೆ ಇಲ್ಲದಂತೆ ಮಾಡಿ (ಹಸಿರೆಲೆ ಕೀಳಬೇಡಿ ಎಂದ ಮಾತಿಗೆ ಇಷ್ಟು ಮಾತ್ರ ಹೊರತು), ಬುಡದ ನೀರು ಹರಿದುಹೋಗಲು ಚರಂಡಿ ತೆಗೆಯಿರಿ. ಉದುರಿದ ಎಲೆಯನ್ನು ಆರಿಸಿ ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ರೋಗ ಹೆಚ್ಚಾಗಿ ಉಳಿಯುವುದು ಆ ಎಲೆಯಲ್ಲೇ. ಮಳೆ ನಾಲ್ಕೈದು ಗಂಟೆ ಬಿಡುವು ಕೊಡುವಂತೆ ಕಂಡ ದಿನ ಮ್ಯಾಂಕೊಜೆಬ್ 75 ಡಬ್ಲ್ಯೂಪಿ ಎಂಬ ಶಿಲೀಂಧ್ರನಾಶಕ ಪುಡಿ ಲೀಟರಿಗೆ 2 ಗ್ರಾಂ, ಜೊತೆಗೆ ಅಂಟು ದ್ರಾವಣ ಅರ್ಧ ಮಿಲಿ ಬೆರೆಸಿ ಎಲೆಯ ಎರಡೂ ಬದಿಗೆ ಹೊಡೆಯಿರಿ, ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು. 10ರಿಂದ 14 ದಿನಕ್ಕೊಮ್ಮೆ ಸಾಕು. ಬೋರ್ಡೋ ಜೊತೆ ಇದನ್ನು ಬೆರೆಸಬಾರದು. ಯೂರಿಯಾ ಮಳೆ ಮುಗಿಯುವವರೆಗೆ ಬೇಡ, ಅದು ಎಬ್ಬಿಸುವ ಮೆತ್ತನೆಯ ಚಿಗುರು ರೋಗಕ್ಕೆ ಊಟ.

ಚುಕ್ಕೆ ಇಲ್ಲದೆ ಬರೀ ಹಳದಿಯಾದರೆ ಔಷಧಿಯ ಮಾತೇ ಇಲ್ಲ. ಕೆಳಗಿನ ಎಲೆ ಪೂರ್ತಿ ಹಳದಿಯಾಗಿ ಬುಡದ ಮಣ್ಣು ಕೊಳೆತ ವಾಸನೆ ಹೊಡೆದರೆ ಬೇರು ನೀರಲ್ಲಿ ಮುಳುಗಿದೆ. ಹಳೆ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಇದ್ದರೆ ಮೆಗ್ನೀಸಿಯಂ ಕೊರತೆ. ನಮ್ಮ ಮಳೆ ಅದನ್ನು ತೊಳೆದೊಯ್ಯುತ್ತದೆ, ಎಪ್ಸಮ್ ಉಪ್ಪು ಲೀಟರಿಗೆ 5 ಗ್ರಾಂ ಎಲೆಗೆ ಸಿಂಪಡಿಸಿ. ಅದೇ ಹಳದಿ ತುದಿಯ ಎಳೆ ಎಲೆಯಲ್ಲಿದ್ದರೆ ಕಬ್ಬಿಣ ಸಿಗುತ್ತಿಲ್ಲ. ಕೊಡಗಿನ ಹುಳಿ ಮಣ್ಣಿನಲ್ಲಿ ಇದು ಅಪರೂಪ, ಹೈಡ್ರೇಂಜಿಯಾ ನೀಲಿಯಾಗಿ ಅರಳುವುದೇ ಆ ಹುಳಿಯಿಂದ. ಹಾಗಿದ್ದೂ ಕಂಡರೆ ಗಿಡ ಮನೆ ಗೋಡೆಯ ಪಕ್ಕ ಸಿಮೆಂಟ್ ಚೂರು ಬಿದ್ದ ಮಣ್ಣಿನಲ್ಲಿದೆ, ಇಲ್ಲವೇ ಯಾರೋ ಒಲೆಯ ಬೂದಿಯನ್ನು ಬುಡಕ್ಕೆ ರಾಶಿ ಹಾಕಿದ್ದಾರೆ. ಗಿಡದ ಜಾಗ ಬದಲಿಸಿ, ಬೂದಿ ನಿಲ್ಲಿಸಿ.

ದಾಸವಾಳಕ್ಕೆ ಬೋರ್ಡೋ ಹೊಡೆದು ಪ್ರಯೋಜನವಿಲ್ಲ. ತುದಿಯ ಎಲೆ ಮುದುಡಿ ಗೊಂಚಲಾಗಿದ್ದರೆ ಬಿಡಿಸಿ ನೋಡಿ, ಒಳಗೆ ಬಿಳಿ ಹಿಟ್ಟಿನಂಥ ತಿಗಣೆ ಇರುತ್ತದೆ, ಕಾಂಡದಲ್ಲಿ ಇರುವೆಯ ಸಾಲೂ. ಆ ತುದಿಯನ್ನು ಕತ್ತರಿಸಿ ಸುಡಿ. ಉಳಿದದ್ದಕ್ಕೆ ಬೇವಿನ ಎಣ್ಣೆ 5 ಮಿಲಿಗೆ ಮೊದಲು ಸ್ವಲ್ಪ ಸೋಪಿನ ನೀರು ಬೆರೆಸಿ ಹಾಲಿನಂತಾದ ಮೇಲೆ ಒಂದು ಲೀಟರ್ ಮಾಡಿ, ಸಂಜೆ ಹೊಡೆಯಿರಿ. ಇರುವೆ ಹತ್ತದಂತೆ ತಡೆಯದಿದ್ದರೆ ತಿಗಣೆ ಮತ್ತೆ ಬರುತ್ತದೆ.

ಕಿತ್ತಳೆಯದು ಬೇರೆಯೇ ವಿಷಯ, ಅಲ್ಲಿ ಅವಸರ ಬೇಡ. ಎಳೆ ಎಲೆಯಲ್ಲಿ ಬೆಳ್ಳಿಯಂತೆ ಅಂಕುಡೊಂಕು ಗೆರೆ ಇದ್ದರೆ ಎಲೆ ಸುರಂಗದ ಹುಳು. ಎಲೆ ಚಿಕ್ಕದಾಗಿ, ಕಿರಿದಾಗಿ, ನರದ ನಡುವೆ ಹಳದಿ ಇದ್ದರೆ ಸತುವಿನ ಕೊರತೆ: ಸತುವಿನ ಸಲ್ಫೇಟ್ 5 ಗ್ರಾಂ, ಸುಣ್ಣ 2.5 ಗ್ರಾಂ ಲೀಟರಿಗೆ ಬೆರೆಸಿ ಹೊಸ ಎಲೆ ಬಿಚ್ಚಿಕೊಂಡ ಮೇಲೆ ಸಿಂಪಡಿಸಬೇಕು. ಆದರೆ ಎಲೆಯನ್ನು ನಡುನರದಲ್ಲಿ ಮಡಚಿದಾಗ ಎಡಬಲದ ಹಳದಿ ಮಚ್ಚೆ ಒಂದಕ್ಕೊಂದು ಹೊಂದದಿದ್ದರೆ ಗ್ರೀನಿಂಗ್ ರೋಗದ ಅನುಮಾನ ಬರಬೇಕು. ಅದಕ್ಕೆ ಯಾವ ಸಿಂಪಡಣೆಯೂ ಮದ್ದಲ್ಲ, ಅಕ್ಕಪಕ್ಕದ ತೋಟಕ್ಕೂ ಜಿಗಿಹೇನಿನ ಮೂಲಕ ಹರಡುತ್ತದೆ. ಅಂಥ ಎಲೆ ಕಂಡರೆ ಹಳೆಯದು, ಎಳೆಯದು ಎರಡನ್ನೂ ಕಡ್ಡಿ ಸಮೇತ ಕತ್ತರಿಸಿ, ಒದ್ದೆ ಇಲ್ಲದಂತೆ ಒರೆಸಿ, ಪ್ಲಾಸ್ಟಿಕ್ ಬದಲು ಕಾಗದದ ಕವರಿನಲ್ಲಿ ಹಾಕಿ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೋ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸಿ. ಗಿಡಕ್ಕೆ ಇತ್ತೀಚೆಗೆ ಏನು ಹೊಡೆದಿದ್ದೀರಿ, ಯಾವ ದಿನ ಹೊಡೆದಿರಿ ಎಂಬುದನ್ನು ಕವರಿನ ಮೇಲೇ ಬರೆದುಕೊಂಡು ಹೋಗಿ.